ದೇವಸಮುದ್ರದ ಮಕ್ಕಳಲ್ಲಿ ಸ್ಟ್ರೆಪ್ ಗಂಟಲುನೋವು: ಪ್ರಯೋಗಾಲಯ ದೂರವಿರುವಲ್ಲಿ ಗುರುತಿಸುವ ಬಗೆ

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದರೂ ಅಲ್ಲಿನವರಿಗೆ ದೊಡ್ಡಾಸ್ಪತ್ರೆ ಎಂದರೆ ಬಳ್ಳಾರಿಯದೇ ಹತ್ತಿರ. ಮಗು ಗಂಟಲು ನೋವೆಂದು ಅತ್ತರೆ ಅಷ್ಟು ದೂರ ಯಾರೂ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸುತ್ತಾರೆ, ಕಿರುನಾಲಿಗೆ ಬಿದ್ದಿದೆ ಎನ್ನುತ್ತಾರೆ, ಜ್ವರ ಏರಿದರೆ ಔಷಧಿ ಅಂಗಡಿಯಿಂದ ಮಾತ್ರೆ ತರುತ್ತಾರೆ. ಮಕ್ಕಳ ಗಂಟಲುನೋವಿನಲ್ಲಿ ಬಹುಪಾಲು ವೈರಸ್ಸಿನದು. ಅದು ಒಂದು ವಾರದೊಳಗೆ ತಾನಾಗಿ ವಾಸಿಯಾಗುತ್ತದೆ. ನೂರರಲ್ಲಿ ಸುಮಾರು 20ರಿಂದ 30ರಷ್ಟು ಮಾತ್ರ ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದಿರುತ್ತವೆ. ಸ್ವ್ಯಾಬ್ ತೆಗೆದು ಕಲ್ಚರ್ ಮಾಡುವ ಸೌಕರ್ಯ ಕೈಗೆಟಕದ ಕಡೆ ಈ ಕೆಲವನ್ನು ಉಳಿದವುಗಳಿಂದ ಬೇರ್ಪಡಿಸುವುದು ಹೇಗೆ ಎಂಬುದೇ ಈ ಟಿಪ್ಪಣಿಯ ಪ್ರಶ್ನೆ.

ಸ್ಟ್ರೆಪ್ ಗಂಟಲುನೋವೂ ಔಷಧಿಯಿಲ್ಲದೆ ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತದೆ. ಆದರೂ ಅದನ್ನು ಬೇರ್ಪಡಿಸಬೇಕಾಗಿರುವುದು ಮುಂದೆ ಬರಬಹುದಾದ ರುಮ್ಯಾಟಿಕ್ ಜ್ವರಕ್ಕಾಗಿ. ಗಂಟಲು ಸರಿಹೋದ ಎರಡು–ನಾಲ್ಕು ವಾರಗಳ ಮೇಲೆ ಕೆಲವು ಮಕ್ಕಳಿಗೆ ಕೀಲು ಊದಿ ಜ್ವರ ಬರುತ್ತದೆ. ಅವರಲ್ಲಿ ಹಲವರ ಹೃದಯದ ಕವಾಟಗಳಿಗೆ ಪೆಟ್ಟು ಬೀಳುತ್ತದೆ. ಆ ಪೆಟ್ಟು ಎಷ್ಟೋ ವರ್ಷ ಸುಮ್ಮನಿದ್ದು, ಹುಡುಗಿ ಬೆಳೆದು ಗರ್ಭಿಣಿಯಾದಾಗ ಉಸಿರುಕಟ್ಟುವಿಕೆಯಾಗಿ ಹೊರಬೀಳುವುದುಂಟು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಕಿರಿದಾದ ಮೈಟ್ರಲ್ ಕವಾಟವನ್ನು ಬಲೂನಿನಿಂದ ಹಿಗ್ಗಿಸಿಕೊಳ್ಳಲು ಬರುವವರಲ್ಲಿ ಬಹುತೇಕರ ಕಾಯಿಲೆಯ ಬೇರು ಬಾಲ್ಯದ ಈ ಜ್ವರದಲ್ಲಿದೆ. ಗಂಟಲುನೋವು ಶುರುವಾದ ಒಂಬತ್ತು ದಿನಗಳೊಳಗೆ ಪೆನಿಸಿಲಿನ್ ಆರಂಭವಾದರೆ ರುಮ್ಯಾಟಿಕ್ ಜ್ವರವನ್ನು ಹೆಚ್ಚುಕಡಿಮೆ ತಡೆಯಬಹುದು. ಅಮೆರಿಕದ ಸೈನಿಕ ಶಿಬಿರಗಳಲ್ಲಿ ಇದು 1950ರ ದಶಕದಲ್ಲೇ ಸಾಬೀತಾಗಿತ್ತು.

ವೈದ್ಯರು ಗಂಟಲು ನೋಡಿ ಅಂಕ ಹಾಕುವ ಪದ್ಧತಿಯನ್ನು 1981ರಲ್ಲಿ ಅಮೆರಿಕದ ರಾಬರ್ಟ್ ಸೆಂಟರ್ ಮತ್ತು ಸಂಗಡಿಗರು ವಯಸ್ಕರಿಗಾಗಿ ರೂಪಿಸಿದರು. ಕೆನಡಾದ ವಾರೆನ್ ಮ್ಯಾಕ್‌ಐಸಾಕ್ 1998ರಲ್ಲಿ ವಯಸ್ಸನ್ನೂ ಲೆಕ್ಕಕ್ಕೆ ಸೇರಿಸಿ ಅದನ್ನು ಮಕ್ಕಳಿಗೂ ಹೊಂದಿಸಿದರು. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದು ಅಂಕ, ಕೆಮ್ಮು ಇಲ್ಲದಿದ್ದರೆ ಒಂದು, ಕುತ್ತಿಗೆಯ ಮುಂಭಾಗದ ಗಂಟುಗಳು ಊದಿ ಮುಟ್ಟಿದರೆ ನೋಯುತ್ತಿದ್ದರೆ ಒಂದು, ಟಾನ್ಸಿಲ್ ಊದಿದ್ದರೆ ಇಲ್ಲವೆ ಅದರ ಮೇಲೆ ಬಿಳಿಯ ಕೀವುಚುಕ್ಕೆಗಳಿದ್ದರೆ ಒಂದು, ವಯಸ್ಸು 3ರಿಂದ 14ರೊಳಗಿದ್ದರೆ ಇನ್ನೊಂದು. ನಾಲ್ಕೋ ಐದೋ ಅಂಕ ಬಿದ್ದರೂ ಅದು ಸ್ಟ್ರೆಪ್ ಆಗಿರುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಈ ಅಂಕಪಟ್ಟಿ ಹುಟ್ಟಿದ್ದು ರುಮ್ಯಾಟಿಕ್ ಜ್ವರ ಅಪರೂಪವಾಗಿದ್ದ ನಾಡುಗಳಲ್ಲಿ, ಅನಗತ್ಯ ಪರೀಕ್ಷೆಯನ್ನೂ ಆ್ಯಂಟಿಬಯೋಟಿಕ್ಕನ್ನೂ ಕಡಿಮೆ ಮಾಡುವ ಉದ್ದೇಶದಿಂದ. ರುಮ್ಯಾಟಿಕ್ ಹೃದ್ರೋಗ ಇನ್ನೂ ಇರುವ ನಮ್ಮ ನೆಲದಲ್ಲಿ ತಪ್ಪಿಹೋದ ಒಂದು ಸ್ಟ್ರೆಪ್ಪಿಗೆ ತೆರಬೇಕಾದ ಬೆಲೆ ಬೇರೆಯೇ. ಅಲ್ಲಿನ ಗೆರೆಯನ್ನು ಇಲ್ಲಿಗೆ ಹಾಗೆಯೇ ಎಳೆಯಲಾಗದು ಎಂಬುದು ನನ್ನ ವಾದ.

ಇದಕ್ಕೆ ಒಳ್ಳೆಯ ಆಧಾರ ಈಜಿಪ್ಟಿನಿಂದ ಬಂದಿದೆ. ಕೀವುಚುಕ್ಕೆಯೂ ನೋಯುವ ಗಂಟೂ ಎರಡೂ ಇದ್ದರೆ ಮಾತ್ರ ಸ್ಟ್ರೆಪ್ ಎಂದು ಭಾವಿಸಿ ಔಷಧಿ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಿನ ಸೂಚನೆ ಹೇಳುತ್ತಿತ್ತು. ಸ್ಟೈನ್‌ಹಾಫ್ ಮತ್ತು ಸಂಗಡಿಗರು ಅದನ್ನು ಅಲ್ಲಿನ ಮಕ್ಕಳ ಮೇಲೆ ಒರೆಗೆ ಹಚ್ಚಿ 1997ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಸೂಚನೆ ನಿಜವಾದ ಸ್ಟ್ರೆಪ್ ಮಕ್ಕಳಲ್ಲಿ ಶೇ. 12ರಷ್ಟನ್ನು ಮಾತ್ರ ಹಿಡಿಯಿತು. ‘ಎರಡೂ’ ಎಂಬಲ್ಲಿ ‘ಎರಡರಲ್ಲಿ ಒಂದಾದರೂ’ ಎಂದು ಸಡಿಲಿಸಿ, ಗಂಟು ನೋಯದಿದ್ದರೂ ಊದಿದ್ದರೆ ಸಾಕು ಎಂದಾಗ ಶೇ. 84ರಷ್ಟು ಮಕ್ಕಳು ಸಿಕ್ಕರು. ಹಾಗೆ ಮಾಡಿದಾಗ ಸ್ಟ್ರೆಪ್ ಇಲ್ಲದ ಅನೇಕ ಮಕ್ಕಳಿಗೂ ಪೆನಿಸಿಲಿನ್ ಹೋಗುತ್ತದೆ, ನಿಜ. ಆದರೆ ಈ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ಇವತ್ತಿಗೂ ಬಗ್ಗುತ್ತದೆ. ಅಜಿಥ್ರೊಮೈಸಿನ್‌ಗೆ ಹಲವೆಡೆ ಬಗ್ಗುತ್ತಿಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಮೂರು ದಿನದ ಅಜಿಥ್ರೊಮೈಸಿನ್ ಎಂಬುದು ನನಗೆ ಹೆಚ್ಚು ಚಿಂತೆಯ ಸಂಗತಿ.

ಹಾಗಾದರೆ ಏನನ್ನು ನೋಡಬೇಕು? ಮೊದಲು ವಯಸ್ಸು. ಕಾಯಿಲೆ ಹೆಚ್ಚಾಗಿ ಕಾಣುವುದು 5ರಿಂದ 15ರವರೆಗೆ. ಮೂರು ವರ್ಷದೊಳಗಿನ ಕೂಸುಗಳಲ್ಲಿ ಅಪರೂಪ. ಹಾಗಾಗಿ ಇದನ್ನು ಮೊದಲು ಕಾಣುವ ಸ್ಥಳ ಅಂಗನವಾಡಿಗಿಂತ ಹೆಚ್ಚಾಗಿ ಶಾಲೆ ಮತ್ತು ವಸತಿ ಶಾಲೆ. ನಿನ್ನೆ ಸಂಜೆಯವರೆಗೆ ಆಡಿಕೊಂಡಿದ್ದ ಹುಡುಗ ಇವತ್ತು ಬಿಸಿಯೂಟದ ತಟ್ಟೆ ಮುಂದೆ ಕೂತು ನುಂಗಲಾರದೆ ಕಣ್ಣೀರಿಡುತ್ತಾನೆ. ಸ್ಟ್ರೆಪ್ ಬರುವುದು ಹೀಗೆ ದಿಢೀರನೆ. ಜೊತೆಗೆ ತಲೆನೋವು, ಹೊಟ್ಟೆನೋವು, ವಾಂತಿ ಇರಬಹುದು. ಈ ಹೊಟ್ಟೆನೋವು ಎಷ್ಟೋ ಸಲ ದಾರಿ ತಪ್ಪಿಸುತ್ತದೆ. ಚಿಕ್ಕ ಮಕ್ಕಳು ಗಂಟಲಿನ ಮಾತನ್ನೇ ಎತ್ತದೆ ಹೊಟ್ಟೆ ತೋರಿಸುವುದರಿಂದ, ಜ್ವರ ಮತ್ತು ಹೊಟ್ಟೆನೋವು ಎಂದು ಬಂದ ಮಗುವಿನ ಬಾಯಿ ತೆರೆಸಿ ನೋಡಲೇಬೇಕು.

ಆಮೇಲೆ, ಇಲ್ಲದ ಲಕ್ಷಣಗಳು. ಇವು ಇರುವ ಲಕ್ಷಣಗಳಷ್ಟೇ ಮುಖ್ಯ. ಮೂಗು ಸೋರುತ್ತಿದ್ದರೆ, ಕೆಮ್ಮಿದ್ದರೆ, ದನಿ ಒಡೆದಿದ್ದರೆ, ಕಣ್ಣು ಕೆಂಪಾಗಿದ್ದರೆ, ಬಾಯಲ್ಲಿ ಹುಣ್ಣಿದ್ದರೆ ಅದು ವೈರಸ್ಸಿನ ಕೆಲಸವೆಂದು ಬಹುಮಟ್ಟಿಗೆ ನಂಬಬಹುದು. ಈ ಯಾವುದೂ ಇಲ್ಲದೆ ಜ್ವರ ಮತ್ತು ನುಂಗುವಾಗಿನ ನೋವು ಮಾತ್ರ ಇದ್ದರೆ ಅನುಮಾನಿಸಬೇಕು. ಬಾಗಿಲ ಬೆಳಕಿನಲ್ಲೋ ಟಾರ್ಚಿನಲ್ಲೋ ನೋಡಿದರೆ ಟಾನ್ಸಿಲ್ ಕೆಂಪಗೆ ಊದಿರುತ್ತದೆ. ಮೇಲಂಗುಳದ ಹಿಂಭಾಗದಲ್ಲಿ ಸಣ್ಣ ಕೆಂಪು ಚುಕ್ಕೆಗಳಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಕೆಲವರಿಗೆ ಮೈಮೇಲೆ ಗಂಧೆಯೂ ಏಳುತ್ತದೆ. ಪಾಶ್ಚಾತ್ಯ ಪಠ್ಯಪುಸ್ತಕಗಳು ವರ್ಣಿಸುವ ಕಡುಗೆಂಪು ಬಣ್ಣವನ್ನು ನಮ್ಮ ಮಕ್ಕಳ ಕಪ್ಪು ಚರ್ಮದಲ್ಲಿ ಹುಡುಕಿದರೆ ಸಿಗದು. ಎದೆ, ಹೊಟ್ಟೆಯ ಮೇಲೆ ಅಂಗೈ ಆಡಿಸಿದರೆ ಉಪ್ಪುಕಾಗದದ ಹಾಗೆ ತರಿತರಿಯಾಗಿ ತಗುಲುತ್ತದೆ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಗಂಟಲಲ್ಲಿ ಬೂದುಬಣ್ಣದ ಪೊರೆ ಗಟ್ಟಿಯಾಗಿ ಅಂಟಿದ್ದು, ಕೆದಕಿದರೆ ರಕ್ತ ಬಂದು, ಕುತ್ತಿಗೆ ದಪ್ಪಗೆ ಊದಿದ್ದರೆ ಅದು ಗಂಟಲುಮಾರಿ ಇರಬಹುದು. ಉತ್ತರ ಕರ್ನಾಟಕದಲ್ಲಿ ಅದು ಈಚಿನ ವರ್ಷಗಳಲ್ಲೂ ಕಾಣಿಸಿಕೊಂಡಿದೆ. ಐದನೇ ವರ್ಷದ ಡಿಪಿಟಿ, ಹತ್ತು ಮತ್ತು ಹದಿನಾರನೇ ವರ್ಷದ ಟಿಡಿ ಚುಚ್ಚುಮದ್ದು ತಪ್ಪಿದ ಮಗುವಾದರೆ ಒಂದು ಗಂಟೆಯನ್ನೂ ಕಳೆಯಬಾರದು. ಇನ್ನೊಂದು, ಜೊಲ್ಲು ಸುರಿಸುತ್ತ ಮುಂದಕ್ಕೆ ಬಾಗಿ ಕಷ್ಟಪಟ್ಟು ಉಸಿರೆಳೆಯುವ ಮಗುವಿನ ಬಾಯಿಗೆ ಚಮಚ ಹಾಕಬಾರದು. ನೇರ ಆಸ್ಪತ್ರೆಗೆ ಒಯ್ಯಬೇಕು.

ಸ್ಟ್ರೆಪ್ ಪತ್ತೆಗೆಂದು ಮಾಡಿಸುವ ಎಎಸ್ಒ (ಆ್ಯಂಟಿಸ್ಟ್ರೆಪ್ಟೊಲೈಸಿನ್ ಒ) ಪರೀಕ್ಷೆಯ ದುರ್ಬಳಕೆಯ ಬಗ್ಗೆ ತುಸು ಕಟುವಾಗಿಯೇ ಬರೆಯಬೇಕಾಗಿದೆ. ಪಟ್ಟಣಗಳ ಖಾಸಗಿ ಲ್ಯಾಬುಗಳಲ್ಲಿ ಈ ರಕ್ತಪರೀಕ್ಷೆ ಸುಲಭವಾಗಿ ಆಗುತ್ತದೆ. ಆದರೆ ಅದು ಅಳೆಯುವುದು ದೇಹ ಉತ್ಪಾದಿಸಿದ ಪ್ರತಿಕಾಯವನ್ನು. ಸೋಂಕಾದ ಒಂದು ವಾರದ ಮೇಲೆ ಏರತೊಡಗಿ ಮೂರರಿಂದ ಐದನೇ ವಾರದಲ್ಲಿ ತುದಿ ಮುಟ್ಟುವ ಅದು ಇವತ್ತಿನ ಗಂಟಲಿನ ಬಗ್ಗೆ ಏನನ್ನೂ ಹೇಳದು. ಹಿಂದೆಂದೋ ಸ್ಟ್ರೆಪ್ ಬಂದು ಹೋದ ಆರೋಗ್ಯವಂತ ಶಾಲಾಮಕ್ಕಳಲ್ಲೂ ಅದು ಹೆಚ್ಚಿರುವುದುಂಟು. ಬರೀ ಈ ಸಂಖ್ಯೆ ನೋಡಿ ಮಗುವಿಗೆ ರುಮ್ಯಾಟಿಕ್ ಎಂದು ಹಣೆಪಟ್ಟಿ ಕಟ್ಟಿ ವರ್ಷಗಟ್ಟಲೆ ಚುಚ್ಚುಮದ್ದು ಕೊಡುವುದು ತಪ್ಪು.

ಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವೈದ್ಯರು ತೂಕ ನೋಡಿ ಬರೆದ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಪೂರ್ತಿ ಹತ್ತು ದಿನ ಆಗಬೇಕು. ಮೂರನೇ ದಿನ ಜ್ವರ ಬಿಟ್ಟಿತೆಂದು ನಿಲ್ಲಿಸಬಾರದು. ಹತ್ತು ದಿನ ನುಂಗಿಸುವುದು ಆಗದ ಮನೆಗೆ ಬೆಂಜಾಥೀನ್ ಪೆನಿಸಿಲಿನ್ನಿನ ಒಂದೇ ಚುಚ್ಚುಮದ್ದು ಸಾಕು. ಮನೆಯೊಳಗೇ ಮಗ್ಗವಿದ್ದು, ಉಳಿದ ಜಾಗದಲ್ಲಿ ಎಲ್ಲರೂ ಒತ್ತಾಗಿ ಮಲಗುವ ನೇಕಾರರ ಮನೆಗಳಲ್ಲಿ ಒಂದು ಮಗುವಿನಿಂದ ಇನ್ನೊಂದಕ್ಕೆ ಹರಡಲು ಹೊತ್ತು ಬೇಕಿಲ್ಲ. ಔಷಧಿ ಶುರುವಾದ ಮೇಲೆ ಒಂದು ದಿನ ಮಗುವನ್ನು ಬೇರೆ ಮಲಗಿಸಿದರೆ ಒಳ್ಳೆಯದು.

ಇಷ್ಟೆಲ್ಲ ಎಚ್ಚರ ವಹಿಸಿದರೂ ರುಮ್ಯಾಟಿಕ್ ಜ್ವರ ಬಂದ ಮಕ್ಕಳಲ್ಲಿ ಸುಮಾರು ಮೂರನೇ ಒಂದರಷ್ಟು ಮಕ್ಕಳಿಗೆ ಗಂಟಲು ನೋವಾದ ನೆನಪೇ ಇರುವುದಿಲ್ಲ. ಅವರನ್ನು ಹಿಡಿಯಬೇಕಾದದ್ದು ಎರಡನೆಯ ಬಾಗಿಲಲ್ಲಿ, ಅಂದರೆ ಕೀಲುನೋವಿನಲ್ಲಿ. ಇವತ್ತು ಮಂಡಿ, ನಾಳೆ ಕಾಲಗಂಟು ಎಂದು ನೋವು ಸ್ಥಳ ಬದಲಿಸುತ್ತಿದ್ದರೆ ‘ಆಡುವಾಗ ಬಿದ್ದಿರಬೇಕು’ ಎಂದು ಎಣ್ಣೆ ತಿಕ್ಕಿ ಸುಮ್ಮನಾಗಬಾರದು. ರುಮ್ಯಾಟಿಕ್ ಜ್ವರವನ್ನು ಗುರುತಿಸಲು ವೈದ್ಯರು ಬಳಸುವ, 2015ರಲ್ಲಿ ಪರಿಷ್ಕರಿಸಿದ ಜೋನ್ಸ್ ಮಾನದಂಡ, ರೋಗ ಹೆಚ್ಚಿರುವ ಸಮುದಾಯಗಳಲ್ಲಿ ಒಂದೇ ಕೀಲಿನ ಊತವನ್ನೂ ಊತವಿಲ್ಲದ ಹಲವು ಕೀಲುಗಳ ನೋವನ್ನೂ ಪ್ರಮುಖ ಲಕ್ಷಣವೆಂದೇ ಎಣಿಸುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗವೂ ಇದೆ. ಶಾಲೆಗೆ ಬರುವ ಆ ತಂಡದ ವೈದ್ಯರು ಇಂಥ ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುವಂತೆ ಶಿಕ್ಷಕರು ಹೆಸರು ಬರೆದಿಟ್ಟುಕೊಳ್ಳಬೇಕು.

ದೇವಸಮುದ್ರ, ರಾಂಪುರದ ಕಡೆಯ ತಾಯಂದಿರಲ್ಲೂ ಆಶಾ ಕಾರ್ಯಕರ್ತೆಯರಲ್ಲೂ ಒಂದು ಕೋರಿಕೆ: ಗಂಟಲುನೋವು ಯಾವತ್ತು ಶುರುವಾಯಿತೆಂಬ ತಾರೀಖನ್ನು ಆಸ್ಪತ್ರೆಯ ಚೀಟಿಯ ಮೇಲೆ ಬರೆಸಿ. ಆ ಒಂಬತ್ತು ದಿನಗಳ ಲೆಕ್ಕ ಸಿಗುವುದು ಅದರಿಂದಲೇ.