ಮುಸುಕಿನ ಹಿಂದಣ ಕಂಠ

ಅಮೆರಿಕದ ಡೆಟ್ರಾಯಿಟ್ ನಗರದ ಡಬ್ಲ್ಯೂ. ಎಕ್ಸ್. ವೈ. ಜೆಡ್. ಆಕಾಶವಾಣಿ ನಿಲಯದ ನಟವರ್ಗವು ರಹಸ್ಯವೇಷದ ನಾಯಕರಿಬ್ಬರಿಂದ ಹೆಸರಾಯಿತು: 1933ರ ‘ಲೋನ್ ರೇಂಜರ್’, 1936ರ ‘ಗ್ರೀನ್ ಹಾರ್ನೆಟ್’. ಎರಡನೆಯವನು ಹಗಲು ಪತ್ರಿಕೆಯ ಒಡೆಯ. ಪೊಲೀಸರ ಎಣಿಕೆಯಲ್ಲಿ ಪಾತಕಿ. ರಂಗಭೂಮಿಯಲ್ಲಾದರೆ ಮುಸುಕಿನೊಳಗೆ ಬೇರೊಬ್ಬನು ನಿಂತರೂ ನಡೆದೀತು. ಆಕಾಶವಾಣಿಯಲ್ಲಿ ಕಂಠವೇ ಮುಖವಷ್ಟೆ!

1941ರ ಏಪ್ರಿಲ್ 8ರಂದು ರೇಂಜರನ ಪಾತ್ರಧಾರಿ ಅರ್ಲ್ ಗ್ರೇಸರ್ ಮೋಟಾರು ಅಪಘಾತದಲ್ಲಿ ಮಡಿದನು. ನಾಟಕವನ್ನು ನಿಲ್ಲಿಸುವಂತಿಲ್ಲ, ಕಂಠವನ್ನು ಥಟ್ಟನೆ ಬದಲಿಸುವಂತೆಯೂ ಇಲ್ಲ. ಕಥೆಯಲ್ಲಿ ನಾಯಕನು ಗಾಯಗೊಂಡು ಮಲಗಿದನು. ಕೆಲವು ಕಂತುಗಳವರೆಗೆ ಶ್ರೋತೃಗಳಿಗೆ ಕೇಳಿಸಿದ್ದು ಅವನ ಏದುಸಿರು, ಕ್ಷೀಣವಾದ ಪಿಸುಮಾತು. ಕಥೆಯ ಭಾರವೆಲ್ಲ ಸಂಗಡಿಗ ಟೊಂಟೋವಿನ ಮೇಲೆ. ಚೇತರಿಸಿಕೊಂಡ ನಾಯಕನು ಬಾಯ್ದೆರೆದಾಗ ಕೇಳಿಬಂದುದು ಬ್ರೇಸ್ ಬೀಮರನ ಕಂಠ. ಅದೇ ನಾಟಕದ ನಿರೂಪಕನಾಗಿ ಆತನ ದನಿ ಶ್ರೋತೃಗಳಿಗೆ ಮೊದಲೇ ಪರಿಚಿತವಾಗಿದ್ದಿತು.