ಮಲ್ಟಿಕಾಸ್ಟ್ ವಿಳಾಸಗಳಿಗೆ ಗಡಿ ಬಂದ ಬಗೆ

ಕಂಪ್ಯೂಟರ್ ಜಾಲದಲ್ಲಿ ಸಂದೇಶವು ಒಂದು ಯಂತ್ರದಿಂದ ಇನ್ನೊಂದಕ್ಕೆ ಮಾತ್ರ ಹೋದರೆ ಅದನ್ನು ಯೂನಿಕಾಸ್ಟ್ ಎಂದೂ, ಜಾಲದ ಎಲ್ಲ ಯಂತ್ರಗಳಿಗೂ ಹೋದರೆ ಬ್ರಾಡ್‌ಕಾಸ್ಟ್ ಎಂದೂ ಕರೆಯುತ್ತಾರೆ. ಇವೆರಡರ ನಡುವಿನ ಮಲ್ಟಿಕಾಸ್ಟ್ ಪದ್ಧತಿಯಲ್ಲಿ ಕಳುಹಿಸುವ ಯಂತ್ರವು ಒಂದು ಗುಂಪಿನ ವಿಳಾಸವನ್ನಷ್ಟೇ ಬರೆಯುತ್ತದೆ. ಗುಂಪಿಗೆ ಸೇರಬಯಸುವ ಯಂತ್ರಗಳು ಅದನ್ನು ತಮ್ಮ ರೂಟರ್‌ಗೆ, ಅಂದರೆ ಜಾಲದಿಂದ ಜಾಲಕ್ಕೆ ಪ್ಯಾಕೆಟ್‌ಗಳನ್ನು (ಸಂದೇಶದ ತುಣುಕುಗಳನ್ನು) ದಾಟಿಸುವ ಯಂತ್ರಕ್ಕೆ, ತಿಳಿಸುತ್ತವೆ. ದಾರಿ ಕವಲೊಡೆಯುವಲ್ಲಿ ಮಾತ್ರ ಪ್ಯಾಕೆಟ್‌ನ ಹೊಸ ಪ್ರತಿಗಳು ಹುಟ್ಟುತ್ತವೆ. ಕೇಳುವವರು ಯಾರು, ಎಷ್ಟು ಮಂದಿ, ಎಲ್ಲಿದ್ದಾರೆ ಎಂಬುದು ಕಳುಹಿಸುವವರಿಗೆ ಗೊತ್ತಿರಬೇಕಾಗಿಲ್ಲ. ಹೀಗೆ ಸದಸ್ಯರ ಪಟ್ಟಿಯೇ ಇಲ್ಲದ ಮೇಲೆ, ಸಂದೇಶವು ಎಲ್ಲಿ ನಿಲ್ಲಬೇಕು ಎಂಬುದನ್ನು ಬೇರೊಂದು ಬಗೆಯಲ್ಲಿ ಹೇಳಲೇಬೇಕಾಗುತ್ತದೆ. ಸ್ಕೋಪ್ ಅಥವಾ ವ್ಯಾಪ್ತಿ ಎಂದು ಕರೆಯಲಾಗುವ ಈ ಎಲ್ಲೆಯ ಚರಿತ್ರೆ ಮೇಲ್ನೋಟಕ್ಕೆ ಮಲ್ಟಿಕಾಸ್ಟ್‌ನ ಅಂಚಿನ ವಿಷಯದಂತೆ ಕಂಡರೂ, ಆ ಪದ್ಧತಿಯಲ್ಲಿ ಇಂದಿಗೂ ಬಾಳಿ ಬಂದಿರುವುದು ಹೆಚ್ಚಾಗಿ ಎಲ್ಲೆಯೊಳಗೆ ನಿಂತ ಭಾಗವೇ.

ಇದರ ಮೂಲ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಸ್ಟೀವ್ ಡೀರಿಂಗ್ ಮತ್ತು ಪ್ರಾಧ್ಯಾಪಕ ಡೇವಿಡ್ ಚೆರಿಟನ್ 1985ರಲ್ಲಿ ಯಂತ್ರಗಳ ಗುಂಪಿಗೆ ಒಂದೇ ವಿಳಾಸ ಕೊಡುವ ಪ್ರಸ್ತಾವವನ್ನು ಮಂಡಿಸಿದರು. ಅದು ಹಲವು ತಿದ್ದುಪಡಿಗಳನ್ನು ಕಂಡು 1989ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 1112 ಎಂಬ ದಾಖಲೆಯಾಗಿ ನೆಲೆನಿಂತಿತು. ಆರ್‌ಎಫ್‌ಸಿ ಎಂದರೆ ಇಂಟರ್ನೆಟ್‌ನ ನಿಯಮಗಳು ಪ್ರಕಟವಾಗುವ ಕ್ರಮಸಂಖ್ಯೆಯ ಪತ್ರಮಾಲೆ. 224.0.0.0ರಿಂದ 239.255.255.255ರವರೆಗಿನ 26,84,35,456 ವಿಳಾಸಗಳು ಗುಂಪುಗಳಿಗೆ ಮೀಸಲಾದವು. ಡೀರಿಂಗ್ ಅವರ ಎಚ್ಚರಿಕೆ ಇಲ್ಲಿಯೇ ಎದ್ದು ಕಾಣುತ್ತದೆ: ಕಳುಹಿಸುವ ತಂತ್ರಾಂಶ ಬೇರೇನನ್ನೂ ಹೇಳದಿದ್ದರೆ ಮಲ್ಟಿಕಾಸ್ಟ್ ಪ್ಯಾಕೆಟ್‌ನ ಟಿಟಿಎಲ್ ಬೆಲೆ 1 ಆಗಿರತಕ್ಕದ್ದು ಎಂದು ಆ ದಾಖಲೆ ವಿಧಿಸಿತು. ಟಿಟಿಎಲ್ ಎಂಬುದು ಪ್ಯಾಕೆಟ್‌ನ ಆಯುಷ್ಯವನ್ನು ಸೂಚಿಸುವ ಅಂಕೆ. ಪ್ರತಿ ರೂಟರ್ ಅದರಿಂದ ಒಂದನ್ನು ಕಳೆಯುತ್ತದೆ, ಸೊನ್ನೆಯಾದ ಪ್ಯಾಕೆಟ್ ಅಲ್ಲಿಗೇ ಬಿದ್ದುಹೋಗುತ್ತದೆ. ಬೆಲೆ 1 ಇದ್ದ ಸಂದೇಶ ಹುಟ್ಟಿದ ಜಾಲವನ್ನು ದಾಟದು; ದಾಟಿಸಬೇಕೆಂದರೆ ಯಾರಾದರೂ ಬೇಕೆಂದೇ ದೊಡ್ಡ ಅಂಕೆಯನ್ನು ಬರೆಯಬೇಕಿತ್ತು.

ಹಾಗೆ ಬೇಕೆಂದೇ ಬರೆಯುವ ಸಂದರ್ಭ ಬೇಗನೆ ಬಂತು. 1992ರ ಮಾರ್ಚ್‌ನಲ್ಲಿ ಸ್ಯಾನ್ ಡಿಯಾಗೊದಲ್ಲಿ ಸೇರಿದ್ದ ಇಂಟರ್ನೆಟ್ ಎಂಜಿನಿಯರುಗಳ ಸಭೆಯ ಧ್ವನಿಯನ್ನು 20 ಸ್ಥಳಗಳಿಗೆ ಮಲ್ಟಿಕಾಸ್ಟ್ ಮೂಲಕ ತಲುಪಿಸಲಾಯಿತು. ಆ ಪ್ರಯೋಗದಿಂದ ಎಂಬೋನ್ ಎಂಬ ಜಾಲ ಬೆಳೆಯಿತು. ಆಗಿನ ಸಾಮಾನ್ಯ ರೂಟರ್‌ಗಳು ಮಲ್ಟಿಕಾಸ್ಟ್ ಅರಿಯದ ಕಾರಣ, ಎಮ್‌ರೌಟೆಡ್ ಎಂಬ ತಂತ್ರಾಂಶ ನಡೆಸುತ್ತಿದ್ದ ಕಂಪ್ಯೂಟರ್‌ಗಳು ಮಲ್ಟಿಕಾಸ್ಟ್ ಪ್ಯಾಕೆಟ್‌ಗಳನ್ನು ಸಾಮಾನ್ಯ ಪ್ಯಾಕೆಟ್‌ಗಳೊಳಗೆ ಸುತ್ತಿ ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದವು. 1994ರ ನವೆಂಬರ್ 18ರಂದು ಡಲ್ಲಾಸ್‌ನಲ್ಲಿ ನಡೆದ ರೋಲಿಂಗ್ ಸ್ಟೋನ್ಸ್ ತಂಡದ ಸಂಗೀತ ಕಾರ್ಯಕ್ರಮದ ಒಂದು ಭಾಗವೂ ಇದೇ ದಾರಿಯಲ್ಲಿ ಹರಿಯಿತು. ಸೆಕೆಂಡಿಗೆ ಸುಮಾರು 500 ಕಿಲೊಬಿಟ್ ಮಾತ್ರ ಇಡೀ ಎಂಬೋನ್‌ಗೆ ಸಲ್ಲಬೇಕೆಂಬ ಒಪ್ಪಂದವಿದ್ದ ದಿನಗಳವು. ಒಂದು ವಿಭಾಗದ ಸಣ್ಣ ಸಭೆಯ ಚಿತ್ರವು ಸಾಗರದಾಚೆಯ ಕೊಂಡಿಯನ್ನು ತುಂಬಿಬಿಟ್ಟರೆ ಎಲ್ಲರಿಗೂ ತೊಂದರೆಯಾಗುತ್ತಿತ್ತು. ಆದ್ದರಿಂದ ಗಡಿಯಲ್ಲಿರುವ ರೂಟರ್‌ಗೆ ಒಂದು ಹೊಸ್ತಿಲ ಅಂಕೆಯನ್ನು ಕೊಟ್ಟು, ಅದಕ್ಕಿಂತ ಕಡಿಮೆ ಟಿಟಿಎಲ್ ಉಳಿದಿರುವ ಪ್ಯಾಕೆಟ್ ಹೊರಹೋಗದಂತೆ ಮಾಡಲಾಯಿತು. ಸಂಸ್ಥೆಯ ಗಡಿಗೆ 32, ಪ್ರದೇಶಕ್ಕೆ 64, ಖಂಡಕ್ಕೆ 128 ಎಂಬ ರೂಢಿ ಬಳಕೆಗೆ ಬಂತು; 255 ಎಂದರೆ ಎಲ್ಲೆಯೇ ಇಲ್ಲದೆ ಇಡೀ ಲೋಕಕ್ಕೆ. ಇದು ಯಾವ ಮೇಲಧಿಕಾರಿಯೂ ಹೇರದ, ಪರಸ್ಪರ ನಂಬಿಕೆಯ ಮೇಲೆ ನಿಂತ ಶಿಸ್ತಾಗಿತ್ತು ಎಂಬುದನ್ನು ಗೌರವದಿಂದಲೇ ಗುರುತಿಸಬೇಕು.

ಆದರೆ ಉಪಾಯವು ಒಳಗೊಳಗೇ ಕುಸಿಯುತ್ತಿತ್ತು. ಹೆಜ್ಜೆ ಎಣಿಸಿ ಊರಿನ ಗಡಿಯನ್ನು ಹೇಳಲಾಗದು. ಊರ ನಡುವೆ ಮನೆಯಿರುವವನಿಗೂ ಗಡಿಕಲ್ಲಿನ ಪಕ್ಕದಲ್ಲಿರುವವನಿಗೂ ಅಷ್ಟೇ ಹೆಜ್ಜೆಗಳು ಒಂದೇ ಕಡೆಗೆ ಮುಟ್ಟಿಸುವುದಿಲ್ಲ. ಪ್ಯಾಕೆಟ್ ಸುತ್ತುತ್ತಲೇ ಇರದಂತೆ ತಡೆಯಲು ಹುಟ್ಟಿದ ಅಂಕೆಯ ಮೇಲೆ ಗಡಿ ಕಾಯುವ ಕೆಲಸವನ್ನೂ ಹೊರಿಸಿದ್ದರಿಂದ ಎರಡೂ ಕೆಟ್ಟವು. ಇದಕ್ಕಿಂತ ಆಳವಾದ ತೊಡಕು ಪ್ರೂನಿಂಗ್ ಎಂಬ ಕ್ರಿಯೆಯಲ್ಲಿತ್ತು. ಕೇಳುವವರಿಲ್ಲದ ಕವಲಿನ ರೂಟರ್, ತನ್ನ ಕಡೆಗೆ ಇನ್ನು ಕಳುಹಿಸಬೇಡಿ ಎಂದು ಮೇಲಿನ ರೂಟರ್‌ಗೆ ಹೇಳಿ ಹರಿವನ್ನು ಕತ್ತರಿಸುವುದೇ ಪ್ರೂನಿಂಗ್. ಆದರೆ ಟಿಟಿಎಲ್ ಸಾಲದೆಂದು ಪ್ಯಾಕೆಟ್ ಬಿಸಾಡಿದ ರೂಟರ್ ಹಾಗೆ ಹೇಳುವಂತಿರಲಿಲ್ಲ, ಏಕೆಂದರೆ ಅದೇ ಮೂಲದ ಮುಂದಿನ ಪ್ಯಾಕೆಟ್ ಬೇರೆ ದಾರಿಯಲ್ಲಿ, ಹೆಚ್ಚಿನ ಟಿಟಿಎಲ್ ಹೊತ್ತು ಬಂದು ದಾಟಲು ಅರ್ಹವಾಗಬಹುದಿತ್ತು. ಹೀಗಾಗಿ ಯಾರಿಗೂ ಬೇಡದ ದಟ್ಟಣೆ ಗಡಿಯವರೆಗೆ ಹರಿದುಬಂದು ಅಲ್ಲಿ ವ್ಯರ್ಥವಾಗುತ್ತಿತ್ತು. ಜೊತೆಗೆ, ಒಂದು ಕಡೆಯ ಕಾರ್ಯಕ್ರಮದ ಪ್ರಕಟಣೆ ಇನ್ನೊಂದು ಕಡೆಗೆ ಕೇಳಿಸದೇ ಹೋದರೆ ಅಲ್ಲಿಯವರು ಅದೇ ವಿಳಾಸವನ್ನು ಖಾಲಿಯೆಂದು ಬಗೆದು ಆರಿಸಿಕೊಂಡು, ಎರಡೂ ಕಾರ್ಯಕ್ರಮಗಳು ಒಂದರ ಮೇಲೊಂದು ಬೀಳುವ ಅಪಾಯವಿತ್ತು.

ಪರಿಹಾರವು ಅಂಕೆಯನ್ನು ಬಿಟ್ಟು ವಿಳಾಸದ ಕಡೆಗೆ ತಿರುಗಿತು. ವ್ಯಾನ್ ಜೇಕಬ್ಸನ್ ಮತ್ತು ಡೀರಿಂಗ್ 1994ರಲ್ಲಿ ಇಂಟರ್ನೆಟ್ ಎಂಜಿನಿಯರುಗಳ ಟೊರಾಂಟೊ ಸಭೆಯಲ್ಲಿ ಮುಂದಿಟ್ಟ ಯೋಚನೆಯನ್ನು ಆರೆಗಾನ್ ವಿಶ್ವವಿದ್ಯಾಲಯದ ಡೇವಿಡ್ ಮೇಯರ್ 1998ರ ಜುಲೈಯಲ್ಲಿ ಆರ್‌ಎಫ್‌ಸಿ 2365 ಆಗಿ ಬರೆದಿಟ್ಟರು. 239ರಿಂದ ಆರಂಭವಾಗುವ ವಿಳಾಸಗಳೆಲ್ಲ ಆಡಳಿತಾತ್ಮಕ ವ್ಯಾಪ್ತಿಯವು, ಅಂದರೆ ಜಾಲದ ಮೇಲ್ವಿಚಾರಕರು ಗಡಿ ಎಳೆದಲ್ಲಿ ನಿಲ್ಲುವಂಥವು, ಅವುಗಳಲ್ಲಿ 239.255ರಿಂದ ಆರಂಭವಾಗುವ 65,536 ವಿಳಾಸಗಳು ಸ್ಥಳೀಯ ವ್ಯಾಪ್ತಿಗೆ, 239.192ರಿಂದ 239.195ರವರೆಗಿನ 2,62,144 ವಿಳಾಸಗಳು ಸಂಸ್ಥೆಯ ವ್ಯಾಪ್ತಿಗೆ. ಗಡಿಯ ರೂಟರ್ ಈ ವಿಳಾಸಗಳ ಪ್ಯಾಕೆಟ್‌ಗಳನ್ನು ಒಳಗಿನಿಂದ ಹೊರಗೂ ಹೊರಗಿನಿಂದ ಒಳಗೂ ಬಿಡದಿರುವುದರಿಂದ, ಒಂದೇ ವಿಳಾಸವನ್ನು ಎರಡು ಸಂಸ್ಥೆಗಳು ಪರಸ್ಪರ ಅರಿಯದೆ ನಿಶ್ಚಿಂತೆಯಿಂದ ಬಳಸಬಹುದಾಯಿತು. ಗಡಿಯಲ್ಲಿ ನಿಂತ ರೂಟರ್ ಇಂಥ ವಿಳಾಸದ ಎಲ್ಲ ಪ್ಯಾಕೆಟ್‌ಗಳಿಗೂ ಒಂದೇ ಉತ್ತರ ಕೊಡುವುದರಿಂದ ಪ್ರೂನಿಂಗ್‌ನ ತೊಡಕೂ ಬಗೆಹರಿಯಿತು.

ಅಷ್ಟರಲ್ಲಿ ಐಪಿಯ, ಅಂದರೆ ಇಂಟರ್ನೆಟ್‌ನಲ್ಲಿ ಪ್ಯಾಕೆಟ್‌ಗಳಿಗೆ ವಿಳಾಸ ಬರೆದು ಸಾಗಿಸುವ ನಿಯಮಾವಳಿಯ, ಆರನೆಯ ಆವೃತ್ತಿ ರೂಪುಗೊಳ್ಳುತ್ತಿತ್ತು. ಅದರ ವಿನ್ಯಾಸಕಾರರಲ್ಲಿಯೂ ಡೀರಿಂಗ್ ಪ್ರಮುಖರು. 1995ರ ಡಿಸೆಂಬರ್‌ನಲ್ಲಿ ರಾಬರ್ಟ್ ಹಿಂಡನ್ ಮತ್ತು ಡೀರಿಂಗ್ ಪ್ರಕಟಿಸಿದ ಆರ್‌ಎಫ್‌ಸಿ 1884 ವ್ಯಾಪ್ತಿಯನ್ನು ವಿಳಾಸದ ಒಡಲಲ್ಲೇ ಬರೆಯಿತು. ಪ್ರತಿ ಮಲ್ಟಿಕಾಸ್ಟ್ ವಿಳಾಸವೂ ಎಫ್‌ಎಫ್ ಎಂದು ಆರಂಭವಾಗುತ್ತದೆ, ಆಮೇಲೆ ಗುರುತಿನ ಒಂದು ಅಂಕೆ, ಅದರ ಬೆನ್ನಿಗೆ ವ್ಯಾಪ್ತಿಯ ಒಂದು ಅಂಕೆ (ಹದಿನಾರರ ಎಣಿಕೆಯಾದ್ದರಿಂದ ಅಕ್ಷರವೂ ಅಂಕೆಯಾಗಬಹುದು): 1 ಆದರೆ ಆ ಯಂತ್ರದೊಳಗೇ, 2 ಆದರೆ ಒಂದು ಕೊಂಡಿಯೊಳಗೆ, 5 ಆದರೆ ಒಂದು ತಾಣದಲ್ಲಿ, 8 ಆದರೆ ಸಂಸ್ಥೆಯಲ್ಲಿ, ಇ ಆದರೆ ಜಗತ್ತಿನಾದ್ಯಂತ. ಗಡಿಯಾರ ಹೊಂದಿಸುವ ಸರ್ವರ್‌ಗಳ ಗುಂಪಿಗೆ 101 ಎಂಬ ಗುರುತು ಇದೆ ಎಂದುಕೊಂಡರೆ, ಎಫ್‌ಎಫ್02 ಎಂಬ ಮೊದಲ ಭಾಗದೊಂದಿಗೆ ಅದು ಈ ಕೊಂಡಿಯ ಸರ್ವರ್‌ಗಳನ್ನೂ, ಎಫ್‌ಎಫ್05ರೊಂದಿಗೆ ಈ ತಾಣದ ಸರ್ವರ್‌ಗಳನ್ನೂ, ಎಫ್‌ಎಫ್0ಇಯೊಂದಿಗೆ ಇಡೀ ಇಂಟರ್ನೆಟ್‌ನ ಸರ್ವರ್‌ಗಳನ್ನೂ ಕರೆಯುತ್ತದೆ. ಗುಂಪು ಯಾವುದು, ಕರೆ ಎಷ್ಟು ದೂರ ಎಂಬ ಎರಡು ಪ್ರಶ್ನೆಗಳು ಹೀಗೆ ಮೊದಲ ಬಾರಿಗೆ ಬೇರ್ಪಟ್ಟವು. ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಸೊಗಸಾದ ನಿರ್ಧಾರ ಇನ್ನೊಂದಿಲ್ಲ. 2005ರ ಆರ್‌ಎಫ್‌ಸಿ 4007, ವಲಯಗಳ ಗಡಿ ಕೊಂಡಿಗಳ ಮೇಲಲ್ಲ, ರೂಟರ್‌ನ ಒಳಗೇ ಹಾದುಹೋಗುತ್ತದೆ ಎಂದು ಖಚಿತಪಡಿಸಿತು.

ವ್ಯಾಪ್ತಿಯ ಅಂಕೆಗಳಲ್ಲಿ 3 ಮಾತ್ರ ಬಹುಕಾಲ ಖಾಲಿ ಉಳಿದಿತ್ತು. ಅಲ್ಪ ವಿದ್ಯುತ್ತಿನಲ್ಲಿ ನಡೆಯುವ ರೇಡಿಯೊ ಸಂವೇದಕಗಳ ಜಾಲಗಳು ಬಂದಾಗ ಅದರ ಅಗತ್ಯ ಕಂಡಿತು. ಅಲ್ಲಿ ಮೊದಲನೆಯ ಸಾಧನದ ಮಾತು ಎರಡನೆಯದಕ್ಕೂ ಎರಡನೆಯದರ ಮಾತು ಮೂರನೆಯದಕ್ಕೂ ಕೇಳಿಸಿದರೂ, ಮೊದಲನೆಯದರ ಮಾತು ಮೂರನೆಯದನ್ನು ಮುಟ್ಟದಿರಬಹುದು. ಹಾಗಿರುವಾಗ ಒಂದು ಕೊಂಡಿಯ ವ್ಯಾಪ್ತಿ ಸಾಲದು, ಮೇಲ್ವಿಚಾರಕರು ಬಂದು ಗಡಿ ಎಳೆಯಲೂ ಆಗದು. 2014ರಲ್ಲಿ ರಾಲ್ಫ್ ಡ್ರೋಮ್ಸ್ ಬರೆದ ಆರ್‌ಎಫ್‌ಸಿ 7346, 3ನ್ನು ರೆಲ್ಮ್ ವ್ಯಾಪ್ತಿಯೆಂದು ಹೆಸರಿಸಿ, ಅದರ ಗಡಿಯನ್ನು ಜಾಲದ ತಂತ್ರಜ್ಞಾನವೇ ತಾನಾಗಿ ನಿರ್ಧರಿಸುತ್ತದೆ ಎಂದಿತು. ಮನುಷ್ಯರು ಗುರುತುಹಾಕಬೇಕಾದ ಗಡಿಗಳು 4ರಿಂದ ಆರಂಭವಾಗುತ್ತವೆ.

ಜಗತ್ತಿನಾದ್ಯಂತ ಹಬ್ಬಬೇಕಿದ್ದ ಮಲ್ಟಿಕಾಸ್ಟ್‌ನ ಕನಸು ಈಡೇರಲಿಲ್ಲ. ಯಾರು ಬೇಕಾದರೂ ಯಾವ ಗುಂಪಿಗೆ ಬೇಕಾದರೂ ಕಳುಹಿಸಬಹುದಾದ ಮೂಲ ರೂಪವನ್ನು ಬೇರೆಬೇರೆ ಸಂಸ್ಥೆಗಳ ಜಾಲಗಳ ನಡುವೆ ಬಳಸಬಾರದೆಂದು 2020ರ ಆರ್‌ಎಫ್‌ಸಿ 8815 ಶಿಫಾರಸು ಮಾಡಿತು. ಕಿರಿಯ ವ್ಯಾಪ್ತಿಗಳಾದರೋ ದಿನವೂ ದುಡಿಯುತ್ತಿವೆ. ಫೋನು ಮನೆಯ ಟಿವಿಯನ್ನು ಹುಡುಕುವಾಗ ಕರೆಯುವ 239.255.255.250 ಎಂಬ ವಿಳಾಸ ಮೇಯರ್ ಬರೆದ ಸ್ಥಳೀಯ ವ್ಯಾಪ್ತಿಗೆ ಸೇರಿದ್ದು; ಪ್ರಿಂಟರ್ ಹುಡುಕುವ 224.0.0.251 ಕೊಂಡಿಯನ್ನು ದಾಟದ ಗುಂಪಿನದು. ಈ ಎರಡನೆಯ ಪದ್ಧತಿಯನ್ನು ವಿವರಿಸುವ 2013ರ ಆರ್‌ಎಫ್‌ಸಿ 6762, ಉತ್ತರದ ಪ್ಯಾಕೆಟ್‌ಗಳನ್ನು ಟಿಟಿಎಲ್ 255ರೊಂದಿಗೆ ಕಳುಹಿಸಬೇಕೆನ್ನುತ್ತದೆ. ಎಂಬೋನ್‌ನಲ್ಲಿ ಇಡೀ ಲೋಕಕ್ಕೆ ಸಲ್ಲುತ್ತಿದ್ದ ಅದೇ ಅಂಕೆಯನ್ನು ಹೊತ್ತ ಪ್ಯಾಕೆಟ್ ಈಗ ಒಂದು ರೂಟರನ್ನೂ ದಾಟುವುದಿಲ್ಲ, ಏಕೆಂದರೆ ಅದನ್ನು ತಡೆಯುವುದು ವಿಳಾಸ.