ಆನೆ ಬೆನ್ನಿನಿಂದ ಹಾಲಿವುಡ್‌ಗೆ: ಕಾರಾಪುರದ ಸಾಬು

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಚಿತ್ರಮಂದಿರಗಳ ಮುಂದಿನ ಪೋಸ್ಟರುಗಳಲ್ಲಿ ಎರಡೇ ಅಕ್ಷರದ ಒಂದು ಹೆಸರು ರಾರಾಜಿಸುತ್ತಿತ್ತು: ಸಾಬು. ಆ ಹೆಸರಿನ ನಟ ಹುಟ್ಟಿದ್ದು ಮೈಸೂರು ಸಂಸ್ಥಾನದಲ್ಲಿ, ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದಲ್ಲಿ, 1924ರಲ್ಲಿ. ತಂದೆ ಮಹಾರಾಜರ ಆನೆಗಳ ಮಾವುತ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಆನೆ ಲಾಯದಲ್ಲೇ ಬೆಳೆದ.

1935ರಲ್ಲಿ ಅಮೆರಿಕದ ಸಾಕ್ಷ್ಯಚಿತ್ರಕಾರ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದರು. ಕಿಪ್ಲಿಂಗ್‌ನ ಕತೆಯೊಂದನ್ನು ಸಿನಿಮಾ ಮಾಡಲು ಅವರಿಗೆ ಆನೆಯೊಡನೆ ಸಲಿಗೆಯಿರುವ ಹುಡುಗನೊಬ್ಬ ಬೇಕಿತ್ತು. ಅವರ ತಂಡದ ಕಣ್ಣಿಗೆ ಬಿದ್ದವನೇ ಸಾಬು. ನಟನೆ ಗೊತ್ತಿಲ್ಲ, ಇಂಗ್ಲಿಷ್ ಬಾರದು. ಆದರೆ ಬೃಹತ್ ಆನೆ ಅವನ ಮಾತು ಕೇಳುತ್ತಿತ್ತು. ಅಷ್ಟೇ ಸಾಕಾಯಿತು. ಉಳಿದ ಭಾಗದ ಚಿತ್ರೀಕರಣಕ್ಕೆ ಹುಡುಗ ಇಂಗ್ಲೆಂಡಿಗೆ ಹಡಗು ಹತ್ತಿದ. 1937ರಲ್ಲಿ ತೆರೆಕಂಡ 'ಎಲಿಫೆಂಟ್ ಬಾಯ್' ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಗೆದ್ದಿತು.

ಮುಂದಿನದು ಓಟ. 1938ರಲ್ಲಿ 'ದಿ ಡ್ರಮ್'. 1940ರಲ್ಲಿ 'ದಿ ಥೀಫ್ ಆಫ್ ಬಾಗ್ದಾದ್'. ಯುದ್ಧದ ದೆಸೆಯಿಂದ ಈ ಚಿತ್ರದ ಕೆಲಸ ಲಂಡನ್ನಿನಿಂದ ಹಾಲಿವುಡ್‌ಗೆ ವರ್ಗವಾಯಿತು, ಸಾಬು ಕೂಡ. ಚಿತ್ರಕ್ಕೆ ಮೂರು ಆಸ್ಕರ್ ಬಂದವು. 1942ರ 'ಜಂಗಲ್ ಬುಕ್'ನಲ್ಲಿ ಆತನೇ ಮೌಗ್ಲಿ.

1944ರಲ್ಲಿ ಸಾಬು ಅಮೆರಿಕದ ಪೌರನಾದ, ವಾಯುಪಡೆ ಸೇರಿದ. ಬಿ-24 ಬಾಂಬರ್ ವಿಮಾನದ ಗನ್ನರ್ ಆಗಿ ಪೆಸಿಫಿಕ್ ರಣರಂಗದಲ್ಲಿ ಹತ್ತಾರು ದಾಳಿಗಳಲ್ಲಿ ಪಾಲ್ಗೊಂಡು ಶೌರ್ಯ ಪದಕ ಪಡೆದ. ಆದರೆ ಈ ಯೋಧನನ್ನು ಹಾಲಿವುಡ್ ಗುರುತಿಸಲೇ ಇಲ್ಲ. ಅದಕ್ಕೆ ಬೇಕಾಗಿದ್ದುದು ಕಚ್ಚೆ ಉಟ್ಟು, ಪೇಟ ಸುತ್ತಿ ನಗುವ ಹುಡುಗ. ಹುಡುಗನೋ ದೊಡ್ಡವನಾಗಿಬಿಟ್ಟಿದ್ದ!

1947ರ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ರಾಜಕುಮಾರನ ಪಾತ್ರ ಸಿಕ್ಕಿತು. ಮೆಚ್ಚುಗೆಯೂ ಬಂತು. ಆಮೇಲೆ ದೊಡ್ಡ ಅವಕಾಶಗಳು ವಿರಳವಾದವು. 1952ರಲ್ಲಿ ಇಟಲಿಯ ಚಿತ್ರವೊಂದರಲ್ಲಿ ಬಡ ಶಾಲಾಮಾಸ್ತರರಿಗೆ ಆನೆ ಉಡುಗೊರೆ ಕೊಡುವ ದೊರೆಯಾದ. ಅದೇ ಸುಮಾರಿಗೆ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳ ಪ್ರದರ್ಶನ ನೀಡಿದ. ಅಂಬಾರಿ ಏರಿಸಿದ ಆನೆಯೇ ಇಳಿಯಲು ಬಿಡದೆ ಕಾಡಿತು.

ತಾಯ್ನಾಡಿನಿಂದ ಒಮ್ಮೆ ಕರೆ ಬಂದಿತ್ತು. ಮೆಹಬೂಬ್ ಖಾನ್ ತಮ್ಮ 'ಮದರ್ ಇಂಡಿಯಾ' ಚಿತ್ರದ ಬಿರ್ಜು ಪಾತ್ರಕ್ಕೆ ಸಾಬುವನ್ನು ಆರಿಸಿದ್ದರು. ಆದರೆ ಈಗಾತ ಅಮೆರಿಕದ ಪ್ರಜೆ. ಭಾರತದಲ್ಲಿ ದುಡಿಯಲು ಪರವಾನಗಿ ಸಿಗಲಿಲ್ಲ. ಪಾತ್ರ ಸುನಿಲ್ ದತ್ ಪಾಲಾಯಿತು. 1957ರಲ್ಲಿ ತೆರೆಕಂಡ ಆ ಚಿತ್ರ ಇತಿಹಾಸವಾಯಿತು. ಅಮೆರಿಕದ ಪರದೆಗೆ ಸಾಬು ಕೊನೆತನಕ ಭಾರತೀಯ, ಭಾರತದ ಕಾಗದಪತ್ರಗಳಿಗೆ ವಿದೇಶಿ.

1963ರ ಡಿಸೆಂಬರ್ 2ರಂದು ಲಾಸ್ ಏಂಜಲೀಸ್‌ನಲ್ಲಿ ಹೃದಯಾಘಾತದಿಂದ ಸಾಬು ತೀರಿಕೊಂಡಾಗ ವಯಸ್ಸು ಕೇವಲ 39. ಮರುವರ್ಷ ಬಿಡುಗಡೆಯಾದ ಕೊನೆಯ ಚಿತ್ರ 'ಎ ಟೈಗರ್ ವಾಕ್ಸ್'. ಅದರಲ್ಲೂ ಆತನದು ಹುಲಿ ಪಳಗಿಸುವವನ ಪಾತ್ರ. ಹಾಲಿವುಡ್‌ನ ಕೀರ್ತಿಪಥದಲ್ಲಿ ಸಾಬುವಿನ ಹೆಸರಿನ ನಕ್ಷತ್ರವೊಂದಿದೆ. ಕಾರಾಪುರದ ಕಾಡಂಚಿನಲ್ಲಿ ಇಂದು ಪ್ರವಾಸಿಗರು ಆನೆ ನೋಡಲು ಬರುತ್ತಾರೆ. ಆ ಆನೆಗಳ ನಡುವೆ ಆಡಿ ಬೆಳೆದು ಜಗತ್ತನ್ನೇ ಬೆರಗಾಗಿಸಿದ ಹುಡುಗನ ನೆನಪು ಅವರಲ್ಲಿ ಎಷ್ಟು ಮಂದಿಗಿದ್ದೀತು?